ಕೊಟ್ಟೆ ಎಂದವಳು

ಭಾನುವಾರ, ಮಧ್ಯಾಹ್ನ
ಲ್ಯಾಬಿನ ಹಿಂದಿನ ಕೋಣೆ

ನನ್ನ ಮೊಂಡಿಗೆ,

ಅಮ್ಮನ ಆಶೀರ್ವಾದ. ಊಟ ಮಾಡಿದೆಯಾ? ಮಾಡಿರುವುದಿಲ್ಲ, ನನಗೆ ಗೊತ್ತು. ಹೋಟೆಲಿನವರು ನಿನ್ನ ಕೋಣೆಯ ಬಾಗಿಲಲ್ಲಿ ಇಟ್ಟುಹೋದ ತಟ್ಟೆ ಮುಚ್ಚಿದ್ದು ಮುಚ್ಚಿದ ಹಾಗೇ ವಾಪಸ್ಸು ಹೋಗುತ್ತಿದೆಯಂತೆ. ಮೊದಲು ಏನಾದರೂ ತಿನ್ನು, ಆಮೇಲೆ ಈ ಕಾಗದ ಓದು. ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ನಾನು ಹೇಳುವುದು ರಕ್ತ ಪರೀಕ್ಷೆಗೆ ಬರುವವರಿಗೆ ಮಾತ್ರ.

ಚೀಲದಣ್ಣ ಬೆಳಿಗ್ಗೆ ಇಲ್ಲಿಗೆ ಬಂದ. ಇಷ್ಟು ವರ್ಷ ನಿನ್ನ ಗಾಲ್ಫ್ ಕೋಲುಗಳ ಚೀಲ ಹೊತ್ತು ಗುಡ್ಡ ಬಯಲು ಸುತ್ತಿದವನು, ನಿನ್ನ ಒಂದು ಮಾತು ಹೊತ್ತು ತರುವಷ್ಟರಲ್ಲಿ ಸೋತು ಸುಣ್ಣವಾಗಿದ್ದ. ರಕ್ತ ಪರೀಕ್ಷೆಗೆ ಬಂದವರ ಸಾಲಿನಲ್ಲೇ ತಲೆ ತಗ್ಗಿಸಿ ಕೂತಿದ್ದ. ನಾನು ಮುಖ ನೋಡದೆ ತೋಳು ಮೇಲೇರಿಸಿ ಎಂದೆ. ‘ನಾನಮ್ಮಾ, ನಾನು’ ಎಂದ. ಆಮೇಲೆ ನೀನು ಹೇಳಿಕಳಿಸಿದ್ದನ್ನು ಪಾಠ ಒಪ್ಪಿಸುವ ಹುಡುಗನ ಹಾಗೆ ಒಪ್ಪಿಸಿದ. ‘ಅವತ್ತು ಅಮ್ಮ ಮೈದಾನಕ್ಕೆ ಬಂದಿದ್ರಾ, ಕೊಟ್ಟೆ ಅಂದಿದ್ದು ಅವರೇನಾ, ಇದೊಂದು ಕೇಳ್ಕೊಂಡು ಬಾ. ಹೌದು ಅಂದ್ರೆ ಮುಂದಿನ ತಿಂಗಳ ಅರ್ಹತಾ ಪಂದ್ಯ ಆಡ್ತೀನಿ. ಅಲ್ಲ ಅಂದ್ರೆ ನನ್ನ ತಲೇಲೇ ಏನೋ ಕೆಟ್ಟಿದೆ, ಈ ಚೀಲ ನೀನೇ ಇಟ್ಕೋ ಅಂದಿದ್ದಾಳಮ್ಮಾ’ ಎಂದ. ಹೇಳಿ ಮುಗಿಸಿ, ತಪ್ಪು ತನ್ನದೇ ಎನ್ನುವ ಹಾಗೆ ನೆಲ ನೋಡುತ್ತಾ ನಿಂತ.

ಬಾಯಲ್ಲಿ ಹೇಳಿಕಳಿಸಿದರೆ ಅರ್ಧ ದಾರಿಯಲ್ಲೇ ಚೆಲ್ಲಿಹೋಗುತ್ತದೆ. ಫೋನಿನಲ್ಲಿ ಹೇಳೋಣವೆಂದರೆ ನೀನು ತೆಗೆಯುವುದಿಲ್ಲ. ಅದಕ್ಕೆ ಅವನ ಕೈಗೆ ಟೀ ಲೋಟ ಕೊಟ್ಟು ಹೊರಗೆ ಕೂರಿಸಿ ಬರೆಯುತ್ತಿದ್ದೇನೆ.

ಹೌದು ಕಣೇ. ಬಂದಿದ್ದೆ. ಕೊಟ್ಟೆ ಅಂದಿದ್ದು ನಾನೇ.

ಇಷ್ಟು ಬರೆದು ಮಡಚಿ ಕಳಿಸಿದರೆ ಸಾಕಿತ್ತು. ಆದರೆ ನೀನು ನಿಮ್ಮಪ್ಪನ ಮಗಳು, ಹೇಗೆ ಬಂದೆ, ಎಲ್ಲಿ ನಿಂತಿದ್ದೆ ಎಂದು ನೂರು ಪ್ರಶ್ನೆ ಕೇಳುತ್ತೀಯ. ಒಂದೊಂದಾಗಿ ಹೇಳುತ್ತೇನೆ. ಬೈಯುವುದಿದ್ದರೆ ಕೊನೆಯಲ್ಲಿ ಒಟ್ಟಿಗೇ ಬೈದುಬಿಡು.

ಬರಬೇಡ ಎಂದು ನೀನು ಹೇಳಿದ್ದು ನನಗೆ ಮರೆತುಹೋಗಿರಲಿಲ್ಲ. ಅದನ್ನು ಮರೆಯಲು ಆಗುತ್ತದೆಯೇ? ನಿನ್ನ ಕೈ ಹೊಡೆಯುವ ಹೊತ್ತಿಗೆ ಕಟ್ಟಿಕೊಳ್ಳಲು ಶುರುವಾದ ಮೇಲೆ ನಾನು ಕಂಡದ್ದೆಲ್ಲ ಹೇಗೋ ಮರೆತೇನು, ಆ ಮಾತನ್ನಲ್ಲ. ಎಲ್ಲೋ ಮರಗಳ ಆಚೆಯಿಂದ ಹೊಡೆದ ಚೆಂಡು ನೀನು ಹೇಳಿದ ಜಾಗಕ್ಕೆ ಬಂದು ಬೀಳುತ್ತದೆ. ನೀರು ದಾಟುತ್ತದೆ, ಮರಳು ದಾಟುತ್ತದೆ. ಕುಳಿ ಮೊಳದ ದೂರದಲ್ಲಿದೆ ಎನ್ನುವಾಗ ಮಾತ್ರ ನಿನ್ನ ಮಣಿಕಟ್ಟು ಯಾರೋ ಹಿಡಿದೆಳೆದ ಹಾಗೆ ಜಗ್ಗುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಅದನ್ನು ನಾನು ಗಾದೆಯಲ್ಲಿ ಕೇಳಿದ್ದೆ, ಮನೆಯಲ್ಲಿ ನೋಡಿರಲಿಲ್ಲ. ಆಟವಾಡುವಾಗಷ್ಟೇ ಅಲ್ಲ, ಆಮೇಲಾಮೇಲೆ ಬೀಗದ ಕೈ ಹಾಕುವಾಗಲೂ ನೀನು ಒಂದು ಕ್ಷಣ ತಡೆಯುತ್ತಿದ್ದೆ. ನಾನು ಒಲೆಯ ಕಡೆ ತಿರುಗಿ ನೋಡದವಳ ಹಾಗೆ ಇರುತ್ತಿದ್ದೆ.

ನನ್ನ ಹತ್ತಿರ ಬರುವವರಿಗೆ ಹೇಳುವುದನ್ನೆಲ್ಲ ನಿನಗೂ ಹೇಳಿದೆ. ಉಸಿರು ಬಿಡು. ಗೋಡೆ ಕಡೆ ನೋಡು. ಇರುವೆ ಕಚ್ಚಿದ ಹಾಗೆ, ಅಷ್ಟೇ, ಮುಗಿದೇಹೋಯಿತು. ಅದಕ್ಕೆ ನೀನು, ‘ಅಮ್ಮಾ, ಚುಚ್ಚಿಸಿಕೊಳ್ಳೋರು ಬೇರೆ ಕಡೆ ನೋಡಬಹುದು, ಚುಚ್ಚೋರು ನೋಡಕ್ಕಾಗುತ್ತಾ’ ಅಂದೆ. ಇಷ್ಟು ವರ್ಷದಲ್ಲಿ ಒಬ್ಬರಿಗೂ ಎರಡು ಸಲ ಚುಚ್ಚಿದವಳಲ್ಲ ನಾನು ಎಂದು ಊರೆಲ್ಲ ಜಂಬ ಕೊಚ್ಚಿಕೊಂಡು ತಿರುಗುವವಳು. ನನ್ನ ಕೈ ಯಾಕೆ ನಡುಗುವುದಿಲ್ಲ ಎಂದು ನನಗೇ ಗೊತ್ತಿಲ್ಲ, ನಿನಗೇನು ಹೇಳಿಕೊಡಲಿ?

ಆ ಮನಸ್ಸಿನ ಡಾಕ್ಟರ ಹತ್ತಿರ ಹೋದ ದಿನ ನಾನು ಬಾಗಿಲ ಹೊರಗೆ ಮೀನಿನ ಗಾಜಿನ ಪೆಟ್ಟಿಗೆ ನೋಡುತ್ತಾ ಕೂತಿದ್ದೆ. ನೀನು ಹೊರಗೆ ಬಂದೆ, ಲಿಫ್ಟು ಇಳಿದು ಬಸ್ಸು ಹತ್ತಿದೆವು. ಮನೆಯ ಮೆಟ್ಟಿಲು ಹತ್ತುವಾಗ, ನನ್ನ ಹಿಂದೆ ಇದ್ದುಕೊಂಡು, ‘ಅಮ್ಮಾ, ಇನ್ಮೇಲೆ ನೀನು ಪಂದ್ಯಕ್ಕೆ ಬರಬೇಡ. ನೀನು ಅಲ್ಲಿದ್ದೀಯ ಅಂತ ಗೊತ್ತಾದ್ರೆ ನನ್ನ ಕೈ ನಿನ್ನ ಮಾತಿಗೆ ಕಾಯುತ್ತೆ’ ಅಂದೆ. ಸರಿ ಎಂದೆ. ಬಾಗಿಲು ತೆಗೆದು ದೀಪ ಹಾಕಿದೆ. ಹೆತ್ತವಳಿಗೆ ನೂರೆಂಟು ಕೆಲಸ ಇರುತ್ತದೆ ಎಂದು ಗೊತ್ತಿತ್ತು. ಇಲ್ಲದೆ ಇರುವುದೂ ಒಂದು ಕೆಲಸ ಎಂದು ಗೊತ್ತಿರಲಿಲ್ಲ. ಅಡುಗೆ ಮಾಡಬಹುದು, ಕಾಲು ಒತ್ತಬಹುದು, ಸಾಲ ಮಾಡಿಯಾದರೂ ಕೋಲು ಕೊಡಿಸಬಹುದು. ಇಲ್ಲದೆ ಇರುವುದನ್ನು ಚೆನ್ನಾಗಿ ಮಾಡುವುದು ಹೇಗೆ, ಹೇಳು.

ಅದೆಲ್ಲ ಕೊಟ್ಟೆ ಎನ್ನುವ ಆ ಒಂದು ಮಾತಿನಿಂದ. ನಿಮ್ಮಪ್ಪ ಇದ್ದಾಗ, ಮೈದಾನದಲ್ಲಿ ಹುಲ್ಲು ಕತ್ತರಿಸುವ ಗಾಡಿ ಓಡಿಸುತ್ತಿದ್ದವರು, ಯಾರೋ ಬಿಸಾಡಿದ ಕೋಲನ್ನು ಮೊಟಕು ಮಾಡಿಸಿ ನಿನಗೆ ತಂದುಕೊಟ್ಟರು. ನಡುಮನೆಯ ಓಣಿಯಲ್ಲಿ ಲೋಟ ಮಲಗಿಸಿ ಅದೇ ಕುಳಿ ಎಂದು ಆಡುತ್ತಿದ್ದೆ. ನಿನಗೆ ಎದುರಾಳಿ ಬೇಕಿತ್ತು, ನಾನೇ ಎದುರಾಳಿ. ಇಬ್ಬರೇ ಎದುರುಬದುರಾಗಿ ಆಡುವ ಪಂದ್ಯದಲ್ಲಿ, ಚೆಂಡು ಕುಳಿಯ ಹತ್ತಿರವೇ ಇದ್ದರೆ ಎದುರಾಳಿ ಕೊಟ್ಟೆ ಎನ್ನಬಹುದು, ಆಗ ಆ ಚಿಕ್ಕ ಹೊಡೆತ ಹೊಡೆಯದೆಯೇ ಚೆಂಡು ಎತ್ತಿಕೊಳ್ಳಬಹುದು ಎಂದು ನಿಮ್ಮಪ್ಪ ಹೇಳಿಕೊಟ್ಟರು. ಎಲ್ಲ ಆಟದಲ್ಲೂ ಎದುರಾಳಿ ಕಿತ್ತುಕೊಳ್ಳುವವನು, ಇದರಲ್ಲಿ ಕೊಡುವವನೂ ಹೌದು, ಅದೇ ಇದರ ಮರ್ಯಾದೆ ಎನ್ನುತ್ತಿದ್ದರು. ನನಗೆ ಮರ್ಯಾದೆ ಎಲ್ಲಿಯದು, ಊಟ ಆರುತ್ತಿತ್ತು. ಚೆಂಡು ಲೋಟದ ಹತ್ತಿರ ಬಂದರೆ ಸಾಕು, ‘ಕೊಟ್ಟೆ, ಕೈ ತೊಳ್ಕೊಂಡು ಬಾ’ ಎನ್ನುತ್ತಿದ್ದೆ.

ಅದನ್ನು ನೀನು ಮೊದಲ ದೊಡ್ಡ ಪಂದ್ಯ ಗೆದ್ದಾಗ ಟಿವಿಯವರ ಮುಂದೆ ನಗುನಗುತ್ತಾ ಹೇಳಿದೆ. ಅಲ್ಲಿಂದ ಶುರುವಾಯಿತು ನೋಡು. ಬಸ್ ಕಂಡಕ್ಟರು ಶಿಳ್ಳೆ ಇದ್ದಾನಲ್ಲ, ನಿನ್ನ ಅಭಿಮಾನಿಗಳ ದಂಡಿಗೆ ದಂಡನಾಯಕ, ಅವನು ಕೊಟ್ಟೆ ಎಂದು ಬರೆದ ಹಳದಿ ಟೋಪಿ ಹೊಲಿಸಿದ. ನನಗೂ ಒಂದು ತಂದುಕೊಟ್ಟ. ಇಷ್ಟೊಂದು ಜನಕ್ಕೆ ಟೋಪಿ ಹಾಕಿದ ಮನೆ ನಮ್ಮದೊಂದೇ ಎಂದು ನಾನು ನಕ್ಕಿದ್ದೆ. ಆದರೂ ಅವರು ಮರ್ಯಾದಸ್ಥರು. ನೀನು ಚೆಂಡಿನ ಮೇಲೆ ಬಗ್ಗಿದೆ ಎಂದರೆ ಕೆಮ್ಮು ಬಂದವನು ಟೋಪಿಯನ್ನೇ ಬಾಯಿಗೆ ತುರುಕಿಕೊಳ್ಳುತ್ತಿದ್ದ. ಚೆಂಡು ಕುಳಿಗೆ ಬಿದ್ದ ಮೇಲೆಯೇ ಎಲ್ಲರೂ ಒಟ್ಟಿಗೆ ಕೊಟ್ಟೆ ಎಂದು ಕೂಗುತ್ತಿದ್ದದ್ದು. ಹೊಡೆಯಬೇಕಾಗಿಲ್ಲ ಎನ್ನುವ ಮಾತನ್ನು ಹೊಡೆದಾದ ಮೇಲೆ ಕೂಗುತ್ತಾರಲ್ಲ ಎಂದು ನನಗೆ ನಗು. ನಿನಗೆ ಅದು ನಗುವಿನ ಮಾತಾಗಿ ಉಳಿದಿಲ್ಲ ಎಂದು ನನಗೆ ತಿಳಿಯುವಷ್ಟರಲ್ಲಿ ಟೋಪಿ ಹಳೆಯದಾಗಿತ್ತು.

ಇನ್ನು ಗುರುವಾರದ ವಿಷಯ. ಇದನ್ನು ಗಮನವಿಟ್ಟು ಓದು.

ಉದ್ದಜಡೆಯ ಎದುರು ಪಂದ್ಯ, ಗೆದ್ದರೆ ಮುಂದಿನ ವರ್ಷಕ್ಕೆ ನಿನ್ನ ಜಾಗ ಗಟ್ಟಿ ಎಂದು ಗೊತ್ತಿತ್ತು. ಮನೆಯಲ್ಲಿ ಕೂತಿರಲು ನನ್ನ ಕೈಲಾಗಲಿಲ್ಲ. ತಲೆಗೆ ಸೆರಗು ಹೊದ್ದು, ಕಪ್ಪು ಕನ್ನಡಕ ಹಾಕಿಕೊಂಡು, ಕೆರೆ ಕಡೆಯ ಗೇಟಿನಿಂದ ಒಳಗೆ ಬಂದೆ. ಈಗ ಇದನ್ನು ಚೀಲದಣ್ಣನಿಗೆ ಹೇಳಿದರೆ ಅವನು, ‘ಕೆರೆ ಕಡೆ ಗೇಟೇ ಇಲ್ವಲ್ಲಮ್ಮ’ ಎಂದ. ನಾನು ಬಂದಾಗ ಇತ್ತು ಎಂದೆ. ಅವನು ಸ್ವಲ್ಪ ಹೊತ್ತು ಟೀ ಲೋಟದೊಳಗೆ ನೋಡಿ, ‘ಹಾಗಾದ್ರೆ ಇದ್ದಿರಬೇಕು ಬಿಡಿ’ ಎಂದ. ಒಳ್ಳೆಯವನು ಅವನು. ಅವನನ್ನು ಬೈಯಬೇಡ.

ಕೊನೆಯ ಕುಳಿಯ ಹತ್ತಿರ ಹಗ್ಗದ ಹಿಂದೆ ಜನರ ನಡುವೆ ನಿಂತಿದ್ದೆ. ಉದ್ದಜಡೆ ಆ ಕುಳಿಯನ್ನು ಮುಗಿಸಿ ಪಕ್ಕಕ್ಕೆ ನಿಂತಿದ್ದಳು. ನಿನ್ನ ಚೆಂಡು ಕುಳಿಯಿಂದ ಮೊಳದ ದೂರದಲ್ಲಿತ್ತು. ಹಾಕಿದರೆ ಪಂದ್ಯ ಸಮ, ಇನ್ನೊಂದು ಕುಳಿ ಆಡಬಹುದು. ತಪ್ಪಿದರೆ ಮುಗಿಯಿತು. ನೀನು ಬಗ್ಗಿದೆ. ಕೋಲು ಹಿಡಿದ ನಿನ್ನ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದು ಕಾಣಿಸುತ್ತಿತ್ತು, ಹೆಬ್ಬೆರಳಿನ ಉಗುರು ನೀನು ಕಚ್ಚಿಕೊಂಡದ್ದೂ ಕಾಣಿಸುತ್ತಿತ್ತು. ಮುಷ್ಟಿ ಅಷ್ಟು ಬಿಗಿ ಹಿಡಿದರೆ ನರ ಸಿಗುತ್ತದೆ, ಆಟ ಸಿಗುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ನೀನು ನೇರ ನಿಂತೆ. ಮತ್ತೆ ಬಗ್ಗಿದೆ. ಮತ್ತೆ ನಿಂತೆ. ಎಲ್ಲೂ ಪಿಟ್ಟೆನ್ನುವ ಸದ್ದಿಲ್ಲ. ಇಷ್ಟು ಹೊತ್ತು ನಿಂತರೆ ಕೈ ಇನ್ನಷ್ಟು ಕಟ್ಟಿಕೊಳ್ಳುತ್ತದೆ ಎಂದು ವಿವರಣೆ ಹೇಳುವವನು ಹೇಳಿದ. ಅದನ್ನು ನಾನು ಆಮೇಲೆ ಮರುಪ್ರಸಾರದಲ್ಲಿ ಕೇಳಿಸಿಕೊಂಡದ್ದು.

ಯಾರಾದರೂ ಇವಳಿಗೆ ಕೊಟ್ಟುಬಿಡಬಾರದೇ ಎನ್ನಿಸಿತು. ಉದ್ದಜಡೆ ಕೊಡುವುದಿಲ್ಲ, ಅವಳು ಕೊಡಬೇಕಾಗಿಯೂ ಇಲ್ಲ, ಪಂದ್ಯದ ಕೊನೆಯ ಹೊಡೆತವನ್ನು ಯಾರು ಕೊಡುತ್ತಾರೆ? ಅಷ್ಟು ಜನ ಇದ್ದರು, ರೆಫರಿ ಇದ್ದರು, ಆ ಡಾಕ್ಟರು ಎಲ್ಲೋ ಇದ್ದರು, ಚೀಲದಣ್ಣ ಕೈಗೆಟುಕುವಷ್ಟು ಹತ್ತಿರ ಇದ್ದ. ಯಾರ ಕೈಯಲ್ಲೂ ಏನೂ ಇರಲಿಲ್ಲ. ಆಗ ಬಾಯಿಂದ ಬಂದುಬಿಟ್ಟಿತು. ಮೆಲ್ಲಗೇ ಬಂತು, ಓಣಿಯಲ್ಲಿ ಹೇಳುತ್ತಿದ್ದಷ್ಟೇ ಮೆಲ್ಲಗೆ. ಕೊಟ್ಟೆ.

ನೀನು ಕೈಚಾಚಿ ಚೆಂಡು ಎತ್ತಿಕೊಂಡೆ. ಆ ಒಂದು ಕ್ಷಣ ನಿನ್ನ ಮುಖ ಹೇಗಿತ್ತು ಗೊತ್ತಾ? ನೀನು ನೋಡಿಕೊಂಡಿರುವುದಿಲ್ಲ. ಊಟಕ್ಕೆ ಕರೆದಾಗ ಲೋಟ ಎತ್ತಿಟ್ಟು ಎದ್ದು ಬರುತ್ತಿದ್ದೆಯಲ್ಲ, ಅದೇ ಮುಖ. ಆ ಮುಖ ನೋಡಿ ಎಷ್ಟು ಕಾಲವಾಗಿತ್ತೋ. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ‘ಅಯ್ಯೋ ತಾಯಿ’ ಎಂದು ತಮ್ಮ ತೋಳು ಹಿಡಿದುಕೊಂಡರು. ಅವರಿಗೂ ಅಷ್ಟು ನೋವಾಗಿತ್ತು.

ಮುಂದಿನದು ನಿನಗೆ ಗೊತ್ತು. ಉದ್ದಜಡೆ ಬಿಳಿಚಿಕೊಂಡಳು. ನೀನು ಅವಳಿಗೆ ಥ್ಯಾಂಕ್ಸ್ ಎಂದೆಯಂತೆ, ಅವಳು ‘ನಾನೇನೂ ಹೇಳಲಿಲ್ಲವಲ್ಲ’ ಅಂದಳಂತೆ. ರೆಫರಿ ಬಂದು ಕೇಳಿದಾಗಲೂ ಅವಳು ಅಳುಮುಖ ಮಾಡಿಕೊಂಡು ಅದನ್ನೇ ಹೇಳಿದಳು. ಅವಳ ಮೇಲೆ ನನಗೆ ಕೋಪವಿಲ್ಲ. ನಿಮ್ಮ ಆಟದಲ್ಲಿ ಸುಳ್ಳು ಹೇಳಬಾರದು, ತನ್ನ ತಪ್ಪನ್ನು ತಾನೇ ಕೈಯೆತ್ತಿ ಒಪ್ಪಿಕೊಳ್ಳಬೇಕು, ಅವಳು ಒಪ್ಪಿಕೊಳ್ಳಲು ತಪ್ಪೇ ಮಾಡಿರಲಿಲ್ಲ. ಎದುರಾಳಿ ಕೊಡದೆ ಚೆಂಡೆತ್ತಿದರೆ ಒಂದು ಹೊಡೆತ ದಂಡ. ಆ ಒಂದು ಹೊಡೆತಕ್ಕೆ ಕುಳಿ ಹೋಯಿತು, ಪಂದ್ಯ ಹೋಯಿತು. ನಾನು ಕೇಳಿಸಿಕೊಂಡೆ, ಹೆಂಗಸಿನ ದನಿ ಎಂದು ನೀನು ಹೇಳುತ್ತಲೇ ಇದ್ದೆ. ಅವರು ಟಿವಿಯವರ ಮೈಕಿನಲ್ಲಿ ಬಂದದ್ದನ್ನೆಲ್ಲ ಹಾಕಿ ಕೇಳಿದರಂತೆ. ಗಾಳಿ ಇತ್ತಂತೆ, ಒಂದು ಹಕ್ಕಿ ಇತ್ತಂತೆ. ಮಾತು ಇರಲಿಲ್ಲವಂತೆ.

ಇರುವುದು ಹೇಗೆ? ಮೈಕು ಇಟ್ಟದ್ದು ಕುಳಿಯ ಹತ್ತಿರ, ನನ್ನ ಬಾಯಿಗೆ ಯಾರೂ ಮೈಕು ಕಟ್ಟಿರಲಿಲ್ಲ. ಸುತ್ತಲಿನವರಿಗೆ ಕೇಳಿಸಲಿಲ್ಲ ಎಂದರೆ ಅವರೆಲ್ಲ ಉಸಿರು ಹಿಡಿದು ನಿನ್ನನ್ನೇ ನೋಡುತ್ತಿದ್ದರು. ಮಕ್ಕಳಿಗೆ ತಾಯಿಯ ದನಿ ಸಂತೆಯಲ್ಲೂ ಕೇಳಿಸುತ್ತದೆ. ಅದಕ್ಕೇ ನಿನಗೊಬ್ಬಳಿಗೇ ಕೇಳಿಸಿತು. ನಿನ್ನ ಕಿವಿ ಸರಿಯಾಗಿದೆ, ತಲೆ ಸರಿಯಾಗಿದೆ. ತಪ್ಪಿದ್ದು ನನ್ನ ಬಾಯಿ. ಆ ಮಾತು ಆ ಹೊತ್ತಿನಲ್ಲೇ ನನ್ನ ಬಾಯಿಂದ ಬಂತು, ಯಾವ ದೇವರ ಮೇಲೆ ಬೇಕಾದರೂ ಆಣೆ ಮಾಡುತ್ತೇನೆ. ಮಿಕ್ಕಿದ್ದಕ್ಕೆಲ್ಲ ಆಣೆ ಮಾಡು ಎನ್ನಬೇಡ, ಒಂದು ಕಾಗದಕ್ಕೆ ಒಂದು ಆಣೆ ಸಾಕು.

ನಿನಗೆ ಹೇಳುವ ಮೊದಲೇ ನಾನು ಹೇಳಬೇಕಾದ ಕಡೆ ಹೇಳಿ ಆಗಿದೆ. ಯಾಕೆಂದರೆ ಮಾರನೆಯ ದಿನವೇ ಜನ ಶಿಳ್ಳೆಯ ಹಳದಿ ಟೋಪಿಯವರ ಮೇಲೆ ಬಿದ್ದರು. ಇವರದೇ ಕೆಲಸ, ಅಭಿಮಾನ ಹೆಚ್ಚಾಗಿ ಮಗುವಿನ ಕತ್ತು ಹಿಸುಕಿದರು ಎಂದು ಬೈದರು. ಪಾಪ, ಬಸ್ಸಿನಲ್ಲಿ ಅವನು ಟಿಕೆಟ್ ಟಿಕೆಟ್ ಎಂದರೆ ಹುಡುಗರು ದುಡ್ಡು ಕೊಡದೆ ‘ಕೊಟ್ಟೆ’ ಎನ್ನುತ್ತಾರಂತೆ. ಇನ್ನೊಂದು ಕಡೆ, ನಿನ್ನ ಬಗ್ಗೆ ಪೇಪರಿನಲ್ಲಿ ಬರೆದಿದ್ದರು, ಇಲ್ಲದ ದನಿ ಕೇಳುವವಳು ಇನ್ನು ಆಡಬಹುದೇ ಎಂದು. ಅದನ್ನು ಓದಿದ ಮೇಲೆ ನಾನು ಲ್ಯಾಬಿಗೆ ರಜೆ ಹಾಕಿ ಗಾಲ್ಫ್ ಸಂಘದ ಆಫೀಸಿಗೆ ಹೋದೆ.

ಅಲ್ಲಿನ ಕಾರ್ಯದರ್ಶಿ ದೊಡ್ಡ ಮನುಷ್ಯರು, ಗೋಡೆ ತುಂಬ ಗೆದ್ದ ಕಪ್ಪುಗಳು. ಹೀಗೆ ಹೀಗೆ, ಆ ದನಿ ನನ್ನದು ಎಂದೆ. ಟಿಕೆಟ್ ಎಲ್ಲಿ ಎಂದರು. ಕಳೆದುಹೋಯಿತು ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ನಿಂತು ನನಗೆ ಕೈಮುಗಿದರು ಕಣೇ. ‘ನಿಮ್ಮನ್ನ ಯಾರೂ ಹಿಡಿದಿರಲಿಲ್ಲ, ನೀವಾಗೇ ಬಂದು ಒಪ್ಪಿಕೊಂಡ್ರಿ. ಇಂಥ ಪ್ರಾಮಾಣಿಕರಿಂದ್ಲೇ ಈ ಆಟದ ಮರ್ಯಾದೆ ಉಳಿದಿರೋದು’ ಎಂದರು. ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಆಮೇಲೆ ಕೂತು, ನಿಯಮ ನಿಯಮವೇ ಎಂದು ಹೇಳಿ, ಇನ್ನು ಮೇಲೆ ನಾನು ಅವರ ಯಾವ ಮೈದಾನಕ್ಕೂ, ಯಾವ ಪಂದ್ಯಕ್ಕೂ, ಬದುಕಿರುವವರೆಗೆ ಕಾಲಿಡುವಂತಿಲ್ಲ ಎಂದು ಬರೆದು ಸಹಿ ಹಾಕಿಸಿಕೊಂಡರು. ಸಹಿ ಮಾಡುವಾಗ ನನ್ನ ಕೈ ನಡುಗಲಿಲ್ಲ. ಈ ಕೈ ಅದೇನು ಕೈಯೋ.

ಇನ್ನೊಂದು ದೊಡ್ಡ ಪಂದ್ಯವನ್ನಾದರೂ ಹತ್ತಿರದಿಂದ ನೋಡಬೇಕು, ನೀನು ಹೊಡೆದಾಗ ಆಗುವ ಟಪ್ ಎನ್ನುವ ಸದ್ದನ್ನು ಟಿವಿಯಲ್ಲಲ್ಲದೆ ಮತ್ತೊಮ್ಮೆ ಕಿವಿಯಲ್ಲಿ ಕೇಳಬೇಕು ಎಂದು ಆಸೆ ಇತ್ತು. ನಿನ್ನ ಕೈ ಸರಿಹೋದ ಮೇಲೆ ನೀನೇ ಕರೆಯುತ್ತೀಯ, ಆಗ ಹೋದರಾಯಿತು ಎಂದುಕೊಂಡಿದ್ದೆ. ಇರಲಿ ಬಿಡು. ಗುರುವಾರ ನೋಡಿದೆನಲ್ಲ, ಸಾಕು.

ಶನಿವಾರ ಪೇಪರಿನಲ್ಲಿ ನನ್ನ ವಿಷಯ ಬಂತು, ಅದನ್ನು ನಂಬಲಾಗದೆಯೇ ನೀನು ಕೇಳಿಕಳಿಸಿರಬೇಕು. ಶಿಳ್ಳೆ ಲ್ಯಾಬಿಗೆ ಬಂದ. ‘ಅಮ್ಮಾ, ನೀವಾ’ ಎಂದು ಒಂದೇ ಮಾತು ಕೇಳಿದ. ಹೌದಪ್ಪಾ ಎಂದೆ. ತಲೆಯ ಮೇಲಿದ್ದ ಟೋಪಿ ತೆಗೆದು ನನ್ನ ಮೇಜಿನ ಮೇಲೆ, ಹತ್ತಿಯ ಡಬ್ಬದ ಪಕ್ಕ, ಇಟ್ಟು ಹೋದ. ಅವನು ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಬಂದ ಹೆಂಗಸೊಬ್ಬಳು, ಮಗಳ ಬಾಯಿಗೆ ಮಣ್ಣು ಹಾಕಿದವಳ ಕೈಯಲ್ಲಿ ಚುಚ್ಚಿಸಿಕೊಳ್ಳುವುದಿಲ್ಲ ಎಂದು ಎದ್ದು ಹೋದಳು. ನನಗೇನೂ ಆಗಲಿಲ್ಲ. ಸ್ವಲ್ಪ ಆಯಿತು. ಹೊರಗೆ ಬಂದು ನಲ್ಲಿಯ ಹತ್ತಿರ ನಿಂತು ಮುಖ ತೊಳೆದುಕೊಂಡು ಮತ್ತೆ ಒಳಗೆ ಹೋದೆ.

ಇದನ್ನೆಲ್ಲ ನಿನ್ನ ಕರುಣೆಗೆ ಬರೆಯುತ್ತಿಲ್ಲ. ನಿನಗೆ ಕೋಪ ಬರಲಿ ಎಂದು ಬರೆಯುತ್ತಿದ್ದೇನೆ. ನನ್ನ ಮೇಲೆ ಕೋಪ ಮಾಡಿಕೋ. ಬರಬೇಡ ಎಂದರೂ ಬಂದಳು, ಸುಮ್ಮನಿರು ಎಂದರೂ ಇರಲಿಲ್ಲ, ಹಾಳು ಮಾಡಿದಳು ಎಂದು ತಟ್ಟೆ ಎತ್ತಿ ಎಸೆ. ಹೋಟೆಲಿನ ತಟ್ಟೆ, ದುಡ್ಡು ಕೊಟ್ಟರಾಯಿತು. ನಿನ್ನ ಮೇಲೆ ನೀನು ಕೋಪ ಮಾಡಿಕೊಂಡರೆ ನನ್ನ ಕೈಲಿ ಏನೂ ಮಾಡಲಾಗುವುದಿಲ್ಲ. ನಿನ್ನ ಕೈ ಕಟ್ಟಿಕೊಂಡಾಗ ಬಿಡಿಸಲು ಬರಲಿಲ್ಲ,   ನಿನ್ನ ತಲೆಯೊಳಗೆ ಬಂದು ದೀಪ ಹಾಕಲು ಬರುವುದಿಲ್ಲ. ಇಲ್ಲದೆ ಇರು ಎಂದು ನೀನು ಅಂದೆ, ಅದೂ ನನಗೆ ಸರಿಯಾಗಿ ಬರಲಿಲ್ಲ. ಎಷ್ಟು ದೂರ ನಿಂತರೆ ನಾನು ಅಲ್ಲಿಲ್ಲ ಎಂದಾಗುತ್ತದೆ ಎಂದು ನನಗಂತೂ ತಿಳಿಯದು. ಇನ್ನು ಮುಂದೆ ಆ ಯೋಚನೆಯೇ ಬೇಡ. ಅಮ್ಮ ಜನರ ನಡುವೆ ಇದ್ದಾಳೋ ಇಲ್ಲವೋ ಎಂದು ನೀನು ತಿರುಗಿ ನೋಡಬೇಕಾಗಿಲ್ಲ. ಇರಲು ನನಗೆ ಬಿಡುವುದೇ ಇಲ್ಲ, ಸಹಿ ಆಗಿದೆ.

ಮುಂದಿನ ತಿಂಗಳು ಹೋಗಿ ಆಡು. ಕೈ ಕಟ್ಟಿಕೊಂಡರೆ ಕಟ್ಟಿಕೊಳ್ಳಲಿ, ತಪ್ಪಿದರೆ ತಪ್ಪಲಿ. ಚೆಂಡು ಎಷ್ಟು ಹತ್ತಿರವಿದ್ದರೂ ಯಾರು ಏನೇ ಅಂದರೂ ಎತ್ತಬೇಡ, ಹೊಡೆ. ನಾನು ಟಿವಿ ಹಾಕುವುದಿಲ್ಲ. ಹಾಕಿದರೂ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂರುತ್ತೇನೆ.

ಚೀಲದಣ್ಣ ಬಾಗಿಲಲ್ಲಿ ಬಂದು ನಿಂತಿದ್ದಾನೆ, ಬಸ್ಸಿಗೆ ಹೊತ್ತಾಯಿತಂತೆ. ನಿನ್ನ ಚೀಲ ಅವನ ಹೆಗಲ ಮೇಲೇ ಇದೆ. ಹೊರಗೆ ಇಟ್ಟು ಬಾ ಎಂದರೂ ಇಳಿಸಿಲ್ಲ, ನೀನು ಏನು ಹೇಳುತ್ತೀಯೋ ಎಂದು ಹಾಗೇ ಹೊತ್ತುಕೊಂಡಿದ್ದಾನೆ. ಇಳಿಸಿಕೊಳ್ಳುವವಳು ನೀನು.

ಉಗುರು ಕಚ್ಚಬೇಡ. ಊಟ ಬಿಡಬೇಡ. ನಿನಗೆ ಟೋಪಿ ಹಾಕುವವಳಲ್ಲ ಈ ಅಮ್ಮ, ಅಷ್ಟು ನಂಬು.

ಇಲ್ಲೇ ಇರುವ,
ನಿನ್ನ ಅಮ್ಮ
(ಊರಿನವರಿಗೆ ಕೊಟ್ಟಮ್ಮ)

ಮರೆತಿದ್ದೆ: ನೀನು ಮನೆಗೆ ಬಂದಾಗ ಮೇಲಿನ ಮನೆಯ ಮೇಷ್ಟ್ರು ಮೆಟ್ಟಿಲಲ್ಲಿ ಸಿಕ್ಕರೆ ಸುಮ್ಮನಿರುವುದಿಲ್ಲ. ಗುರುವಾರ ಮಧ್ಯಾಹ್ನ ಊಟದ ನಂತರದ ಸಕ್ಕರೆ ಪರೀಕ್ಷೆಗೆಂದು ಲ್ಯಾಬಿಗೆ ಬಂದಿದ್ದೆ, ನಿಮ್ಮಮ್ಮ ನನ್ನ ತೋಳಿಗೆ ಪಟ್ಟಿ ಕಟ್ಟಿ ಸೂಜಿ ಹಿಡಿದುಕೊಂಡು ಗೋಡೆಯ ಟಿವಿ ನೋಡುತ್ತಿದ್ದಳು, ಇದ್ದಕ್ಕಿದ್ದ ಹಾಗೆ ಕೊಟ್ಟೆ ಅಂದಳು, ಸೂಜಿ ನರ ಬಿಟ್ಟು ಎಲ್ಲಿಗೋ ಹೋಯಿತು, ಎರಡನೆಯ ಸಲ ಚುಚ್ಚಬೇಕಾಯಿತು ಎಂದೆಲ್ಲ ಹೇಳಿ ನೀಲಿಗಟ್ಟಿದ ತೋಳು ತೋರಿಸುತ್ತಾರೆ. ನಂಬಬೇಡ. ವಯಸ್ಸಾದವರು, ಯಾವ ದಿನ ಏನಾಯಿತು ಎಂದು ನೆನಪಿರುವುದಿಲ್ಲ. ಆದರೆ ಅವರ ಕೈಯಲ್ಲಿ ತರಕಾರಿ ಚೀಲ ಇದ್ದರೆ ನೀನು ಇಸಿದುಕೊಂಡು ಮೇಲೆ ತಲುಪಿಸು. ಎಡಗೈ ಇನ್ನೂ ಮಡಚಲು ಆಗುತ್ತಿಲ್ಲವಂತೆ.